ಮಾನ ಹೋಯಿತೋ, ಕಳೆದುಕೊಂಡರೋ? ಪದ ಆರಿಸುವ ಬಗೆ

ಪತ್ರಿಕೆಯ ಡೆಸ್ಕಿನಲ್ಲಿ ಕೂತು ವರದಿ ತಿದ್ದುವುದು ನನ್ನ ಕೆಲಸ. ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳಿಕೊಡುವ ಪದಗಳಲ್ಲಿ 'ಮಾನ' ಒಂದು. ಅದರ ಪಕ್ಕ ಹಾಕುವ ಕ್ರಿಯಾಪದವೇ ಎಷ್ಟೋ ಸಲ ತೀರ್ಪು ಕೊಟ್ಟುಬಿಡುತ್ತದೆ.

ಹಾಲಿನ ಸೊಸೈಟಿಯ ಲೆಕ್ಕದಲ್ಲಿ ದುಡ್ಡು ಕಡಿಮೆ ಬಂದಿದೆ, ಕಾರ್ಯದರ್ಶಿಯ ಮೇಲೆ ಅನುಮಾನ ಅಂತಿಟ್ಟುಕೊಳ್ಳಿ. 'ಕಾರ್ಯದರ್ಶಿ ಮಾನ ಕಳೆದುಕೊಂಡರು' ಎಂದರೆ ತಪ್ಪು ಅವರದೇ ಎಂದಾಯಿತು. 'ಸದಸ್ಯರು ಅವರ ಮಾನ ಕಳೆದರು' ಎಂದರೆ ತಪ್ಪು ಸದಸ್ಯರದು. 'ನಾಲ್ಕು ಜನರ ಮುಂದೆ ಅವರ ಮಾನ ಹೋಯಿತು' ಎಂದರೆ ಯಾರನ್ನೂ ದೂರಿದ ಹಾಗಿಲ್ಲ, ಆದರೂ ಹೋಯಿತು ಅಂತ ನಾವೇ ಸಾರಿದ ಹಾಗಾಯಿತು ಅಲ್ವಾ? ತನಿಖೆ ಮುಗಿಯುವ ತನಕ ನಾನು ಮೂರನ್ನೂ ಹೊಡೆದುಹಾಕಿ 'ಆರೋಪ ಕೇಳಿಬಂದಿದೆ' ಎಂದಷ್ಟೇ ಉಳಿಸುತ್ತೇನೆ.

'ಮಾನಗೆಟ್ಟವನು' ಪೂರ್ತಿ ಬೇರೆ ಮಾತು. ಅದು ಬೈಗುಳ. ಮಾನ ಹೋದವನಿಗೆ ಸಂಕಟ ಇರುತ್ತದೆ. ಮಾನಗೆಟ್ಟವನು ಅಂದರೆ ನಾಚಿಕೆಯೇ ಇಲ್ಲದವನು. ಏನೂ ತಪ್ಪು ಮಾಡದವರ ಮಾನವೂ ಹೋಗಬಹುದು. ಅವರನ್ನು ಮಾನಗೆಟ್ಟವರು ಅನ್ನುವುದು ಅನ್ಯಾಯ.

ಇನ್ನೊಂದು ಕಡೆ ಜಾಸ್ತಿ ಎಚ್ಚರ ಬೇಕು. ಸಭೆಯಲ್ಲಿ ಅಧ್ಯಕ್ಷೆಯ ಮಾತು ಯಾರೂ ಒಪ್ಪಲಿಲ್ಲ ಅಂತ 'ಅಧ್ಯಕ್ಷೆಗೆ ಮಾನಭಂಗ' ಎಂದು ಬರೆಯಬೇಡಿ. ಹೆಣ್ಣಿನ ವಿಷಯದಲ್ಲಿ ಆ ಪದವನ್ನು ಓದುಗರು ಲೈಂಗಿಕ ದೌರ್ಜನ್ಯ ಅಂತಲೇ ಓದುತ್ತಾರೆ. ಅಲ್ಲಿ ಬೇಕಾದ್ದು 'ಮುಖಭಂಗ'. ಚುನಾವಣೆ, ಕ್ರಿಕೆಟ್ ಸೋಲಿಗೆಲ್ಲ ಅದೇ ಸಾಕು. ಮುಂದಿನ ಗೆಲುವಿಗೆ ಮರೆತುಹೋಗುವಂಥದ್ದು ಅದು.

ಅಂಗಡಿ, ಹೋಟೆಲ್, ಶಾಲೆಗಳಿಗೆ 'ಹೆಸರು ಕೆಟ್ಟಿತು' ಎನ್ನಿ. ಹೋಟೆಲಿನ ಮಾನ ಹೋಯಿತು ಅಂದರೆ ಕಿವಿಗೆ ಒಗ್ಗುವುದಿಲ್ಲ. ಬೇಕಂತಲೇ ಯಾರಾದರೂ ಕೆಡಿಸಿದ್ದರೆ 'ಹೆಸರಿಗೆ ಮಸಿ ಬಳಿದರು'.

ಕೋರ್ಟಿನ ಸುದ್ದಿಗೆ 'ಮಾನನಷ್ಟ ಮೊಕದ್ದಮೆ' ಎಂಬುದೇ ರೂಢಿ. ಮೊದಲು ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಸೆಕ್ಷನ್ ಅಂತ ಬರೆಯುತ್ತಿದ್ದೆವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ, ಅದರಲ್ಲಿ ಇದು 356ನೇ ಸೆಕ್ಷನ್. ಹಳೆಯ ಪ್ರಕರಣಗಳಲ್ಲಿ ಹಳೆಯ ಸಂಖ್ಯೆಯೇ ಇರುತ್ತದೆ, ಸುಮ್ನೆ ಬದಲಾಯಿಸಬೇಡಿ.

'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂಬ ಗಾದೆ ನನಗೆ ತುಂಬ ಇಷ್ಟ. ಆದರೆ ಕೋಟಿಗಟ್ಟಲೆ ಹಗರಣದ ಸುದ್ದಿಗೆ ಅದನ್ನು ತಲೆಬರಹ ಮಾಡುವವರಿದ್ದಾರೆ. ಅಲ್ಲಿ ಅಡಿಕೆ ಎಲ್ಲಿದೆ? ಐನೂರು ರೂಪಾಯಿ ಲಂಚಕ್ಕೆ ಕೈಯೊಡ್ಡಿ ಸಿಕ್ಕಿಬಿದ್ದು, ನಿವೃತ್ತಿಯ ಹೊಸ್ತಿಲಲ್ಲಿ ಕೆಲಸ ಕಳೆದುಕೊಂಡ ಗುಮಾಸ್ತನ ಸುದ್ದಿಗೆ ಆ ಗಾದೆ ಸರಿಯಾಗಿ ಕೂರುತ್ತದೆ. ಅದೂ ಅಪರಾಧ ಸಾಬೀತಾದ ಮೇಲೆ.