ನೆಟ್ ಇಲ್ಲದ ಮಳೆಗಾಲದಲ್ಲಿ ಸೆಕ್ಯುರಿಟಿ ಲ್ಯಾಬ್: ನನ್ನ ಅನುಭವ

ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಬಂದು ಕಂಪ್ಯೂಟರ್ ಸೈನ್ಸ್ ಓದುವವರಿಗೆ ಗೊತ್ತು, ಆಷಾಢದಲ್ಲಿ ಊರಿಗೆ ಹೋದರೆ ಕರೆಂಟಿಗೂ ಭರವಸೆಯಿಲ್ಲ, ಸಿಗ್ನಲ್ಲಿಗೂ ಇಲ್ಲ. ಆದರೆ ಮಾಹಿತಿ ಭದ್ರತೆ ಕಲಿಯುವುದಕ್ಕೆ ನೆಟ್ ಇಲ್ಲದಿರುವುದು ದೊಡ್ಡ ಅಡ್ಡಿಯೇ ಅಲ್ಲ. ದಾಳಿಯ ಅಭ್ಯಾಸ ನಡೆಯಬೇಕಾದದ್ದೇ ಹೊರಗಿನ ಜಾಲಕ್ಕೆ ತಾಗದ ಜಾಗದಲ್ಲಿ.

8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ವರ್ಚುವಲ್‌ಬಾಕ್ಸ್ (ಲ್ಯಾಪ್‌ಟಾಪಿನೊಳಗೇ ಬೇರೆ ಯಂತ್ರಗಳನ್ನು ನಡೆಸುವ ತಂತ್ರಾಂಶ), ಕಾಲಿ ಲಿನಕ್ಸ್ (ದಾಳಿ ಮಾಡುವ ಯಂತ್ರ), ಮೆಟಾಸ್ಪ್ಲಾಯ್ಟಬಲ್ 2 (ದಾಳಿಗೆ ಗುರಿಯಾಗುವ ಯಂತ್ರ) ಮೂರನ್ನೂ ಶಿವಮೊಗ್ಗದಲ್ಲಿರುವಾಗಲೇ ಇಳಿಸಿಕೊಳ್ಳಿ. ಕಾಲಿಯ ಫೈಲು ಹಲವು ಜಿಬಿ ಇರುತ್ತದೆ, ಅರ್ಧಕ್ಕೆ ಕಡಿದರೂ ಕೆಲವೊಮ್ಮೆ ಪೂರ್ತಿ ಇಳಿದಂತೆ ಕಾಣುತ್ತದೆ. ಹಾಗಾಗಿ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನಿಂದ ಲೆಕ್ಕ ಹಾಕಿ ತೆಗೆದ ಗುರುತು) ಡೌನ್‌ಲೋಡ್ ಪುಟದಲ್ಲಿ ಕೊಟ್ಟದ್ದಕ್ಕೆ ಹೋಲಿಸಿ ನೋಡದೆ ಬಸ್ ಹತ್ತಬೇಡಿ. ಕಾಲಿಗೆ 2 ಜಿಬಿ, ಮೆಟಾಸ್ಪ್ಲಾಯ್ಟಬಲ್‌ಗೆ 512 ಎಂಬಿ ಕೊಟ್ಟರೆ ನಡೆಯುತ್ತದೆ. ಹೊಸ ಯಂತ್ರ ಮಾಡುವಾಗ 64 ಬಿಟ್ ಆಯ್ಕೆಯೇ ಕಾಣದಿದ್ದರೆ ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆಫ್ ಆಗಿದೆಯೇ ನೋಡಿ.

ಎರಡೂ ಯಂತ್ರಗಳ ನೆಟ್‌ವರ್ಕ್ ಅಡಾಪ್ಟರ್ 'ಹೋಸ್ಟ್-ಓನ್ಲಿ' (ಲ್ಯಾಪ್‌ಟಾಪಿನೊಳಗಷ್ಟೇ ಇರುವ ಜಾಲ) ಆಗಿರಬೇಕು. ಆಗ ಸಾಮಾನ್ಯವಾಗಿ 192.168.56 ಸರಣಿಯ ವಿಳಾಸ ಸಿಗುತ್ತದೆ. ಕಾಲಿಯಿಂದ ಮೆಟಾಸ್ಪ್ಲಾಯ್ಟಬಲ್‌ಗೆ ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಸಂದೇಶ) ತಲುಪದಿದ್ದರೆ ಬಹುಪಾಲು ಒಂದು ಯಂತ್ರ ಎನ್‌ಎಟಿಯಲ್ಲೇ (ಹೊರಗಿನ ಜಾಲಕ್ಕೆ ದಾರಿ ಕೊಡುವ ಮೊದಲಿನ ಸೆಟ್ಟಿಂಗ್) ಉಳಿದಿರುತ್ತದೆ. 'ಬ್ರಿಡ್ಜ್ಡ್' (ಯಂತ್ರವನ್ನು ನೇರ ಹೊರಗಿನ ಜಾಲಕ್ಕೆ ಸೇರಿಸುವುದು) ಮಾತ್ರ ಬೇಡವೇ ಬೇಡ. ಮೆಟಾಸ್ಪ್ಲಾಯ್ಟಬಲ್ ಬೇಕೆಂದೇ ತೂತು ಬಿಟ್ಟು ಮಾಡಿದ ಹಳೆಯ ಉಬುಂಟು. ಹಾಸ್ಟೆಲ್ ವೈಫೈಗೆ ಅದನ್ನು ಸೇರಿಸಿದರೆ ಯಾರು ಬೇಕಾದರೂ ಒಳನುಗ್ಗಬಹುದು. ಹಾಸ್ಟೆಲ್ಲಿನ ಬೇರೆ ಯಂತ್ರಗಳನ್ನು ಒಪ್ಪಿಗೆಯಿಲ್ಲದೆ ಮುಟ್ಟುವುದೂ ಆಟವಲ್ಲ. 2000ದ ಐಟಿ ಕಾಯ್ದೆಯ 66ನೇ ಸೆಕ್ಷನ್ನಿನಲ್ಲಿ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಥವಾ ಎರಡೂ ಇದೆ.

ಮೊದಲ ಪಾಠಕ್ಕೆ ನಾನು ಆರಿಸುವುದು ಟೆಲ್ನೆಟ್, ಇನ್ನೊಂದು ಯಂತ್ರಕ್ಕೆ ಗೂಢಲಿಪಿಯಿಲ್ಲದೆ ಲಾಗಿನ್ ಆಗುವ ಹಳೆಯ ವಿಧಾನ. ಕಾಲಿಯಲ್ಲಿ ವೈರ್‌ಶಾರ್ಕ್ (ಜಾಲದಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು ತೋರಿಸುವ ಟೂಲ್) ಚಾಲೂ ಮಾಡಿ, ಮೆಟಾಸ್ಪ್ಲಾಯ್ಟಬಲ್‌ಗೆ ಟೆಲ್ನೆಟ್‌ನಲ್ಲಿ ಲಾಗಿನ್ ಆಗಿ, ಆ ಪ್ಯಾಕೆಟ್ ಮೇಲೆ 'ಫಾಲೋ ಟಿಸಿಪಿ ಸ್ಟ್ರೀಮ್' ಒತ್ತಿ. ಬಳಕೆದಾರನ ಹೆಸರಿನ ಪ್ರತಿ ಅಕ್ಷರ ಎರಡೆರಡು ಸಲ ಕಾಣುತ್ತದೆ, ಒಂದು ಕೆಂಪು, ಒಂದು ನೀಲಿ. ನೀವು ಒತ್ತಿದ ಅಕ್ಷರವನ್ನು ಸರ್ವರ್ ತಿರುಗಿ ಕಳಿಸುವುದರಿಂದಲೇ ಅದು ನಿಮ್ಮ ಪರದೆಯಲ್ಲಿ ಮೂಡುವುದು. ಪಾಸ್‌ವರ್ಡ್ ಬಂದಾಗ ನೀಲಿ ನಿಲ್ಲುತ್ತದೆ, ಕೆಂಪು ಅಕ್ಷರಗಳಷ್ಟೇ ಬೆತ್ತಲಾಗಿ ಹರಿಯುತ್ತವೆ. ಪರದೆಯಲ್ಲಿ ಕಾಣದಿದ್ದ ಮಾತ್ರಕ್ಕೆ ಗುಟ್ಟಾಗಿದೆ ಎಂದಲ್ಲ ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಎಷ್ಟು ಪುಟ ಓದಿದರೂ ಇಷ್ಟು ಗಟ್ಟಿಯಾಗಿ ಮನಸ್ಸಿಗೆ ಇಳಿಯುವುದಿಲ್ಲ.

ಅದನ್ನೇ ಎಸ್‌ಎಸ್‌ಎಚ್‌ನಲ್ಲಿ (ಗೂಢಲಿಪಿಯಲ್ಲಿ ಲಾಗಿನ್ ಆಗುವ ವಿಧಾನ) ಮಾಡಹೋದರೆ 'ಹೊಂದುವ ಹೋಸ್ಟ್ ಕೀ ಇಲ್ಲ' ಎಂಬ ದೋಷ ಬರಬಹುದು. ಹೋಸ್ಟ್ ಕೀ ಎಂದರೆ ಸರ್ವರ್ ತನ್ನ ಗುರುತು ತೋರಿಸುವ ಕೀ. ಹಳೆಯ ಸರ್ವರ್ ಅದರಿಂದ ಕೊಡುವ ಆರ್‌ಎಸ್‌ಎ ಸಹಿ ಎಸ್‌ಎಚ್‌ಎ-1 ಎಂಬ ದುರ್ಬಲ ಹಳೆಯ ವಿಧಾನದ್ದಷ್ಟೇ. ಎಸ್‌ಎಸ್‌ಎಚ್ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್‌ನ 2021ರ 8.8 ಆವೃತ್ತಿಯಿಂದ ಅದು ತಾನಾಗಿ ಒಪ್ಪಿತವಲ್ಲ. ಆ ಒಂದು ಸಂಪರ್ಕಕ್ಕೆ ಮಾತ್ರ ಹಳೆಯ ಕೀ ವಿಧಾನವನ್ನು ಆಯ್ಕೆಯಾಗಿ ಸೇರಿಸಿ. ಇಡೀ ಸಿಸ್ಟಮ್ಮಿನ ಸೆಟ್ಟಿಂಗ್ ಸಡಿಲಿಸಬೇಡಿ.

ಕರೆಂಟಿನ ಬಗ್ಗೆ: ಪ್ರತಿ ಪ್ರಯೋಗಕ್ಕೂ ಮುಂಚೆ ಸ್ನ್ಯಾಪ್‌ಶಾಟ್ (ಬೇಕಾದಾಗ ಮರಳಬಹುದಾದ, ಯಂತ್ರದ ಆ ಕ್ಷಣದ ಪ್ರತಿ) ತೆಗೆಯಿರಿ. ಬ್ಯಾಟರಿ ಕಾಲು ಭಾಗಕ್ಕೆ ಇಳಿದಾಗ 'ಸೇವ್ ಸ್ಟೇಟ್' ಕೊಡಿ, ಕೊನೇ ಗಳಿಗೆಗೆ ಬಿಡಬೇಡಿ. ರ‍್ಯಾಮಿನಲ್ಲಿದ್ದದ್ದೆಲ್ಲ ಡಿಸ್ಕಿಗೆ ಬರೆಯಲು ಹೊತ್ತು ಹಿಡಿಯುತ್ತದೆ.

ಸಿ ಭಾಷೆಯನ್ನು ಬದಿಗಿಟ್ಟು ಟೂಲ್‌ಗಳ ಹಿಂದೆ ಬೀಳುವವರು ಬಹಳ. ನನಗೆ ಅದು ಸರಿ ಕಾಣುವುದಿಲ್ಲ. ಹೊಸ 64 ಬಿಟ್ ಉಬುಂಟುವಿನಲ್ಲಿ 16 ಬೈಟಿನ ಅರೇ ಮಾಡಿ, ಸ್ಟ್ರಿಂಗ್ ಕಾಪಿ ಫಂಕ್ಷನ್‌ನಿಂದ 60 ದೊಡ್ಡ 'ಎ' (ಇಂಗ್ಲಿಷಿನ A) ತುಂಬಿಸಿ. 'ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್' ಎಂದು ಪ್ರೋಗ್ರಾಂ ನಿಲ್ಲುತ್ತದೆ. ಸ್ಟ್ಯಾಕಿನಲ್ಲಿ, ಅಂದರೆ ಫಂಕ್ಷನ್ನಿನ ಅರೇ ಮತ್ತು ಮರಳುವ ವಿಳಾಸ ಇರುವ ಮೆಮೊರಿಯಲ್ಲಿ, ಕಂಪೈಲರ್ ಇಟ್ಟ ಕಾವಲು ಮೌಲ್ಯ ಅಳಿಸಿಹೋದದ್ದು ಪ್ರೋಗ್ರಾಮಿನ ಗಮನಕ್ಕೆ ಬಂದಿದೆ. ಆ ಕಾವಲನ್ನು (ಸ್ಟ್ಯಾಕ್ ಪ್ರೊಟೆಕ್ಟರ್) ತೆಗೆದು ಮತ್ತೆ ಕಂಪೈಲ್ ಮಾಡಿದರೆ ಸೆಗ್‌ಮೆಂಟೇಶನ್ ಫಾಲ್ಟ್, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ. ಇಲ್ಲಿ 32 ಬಿಟ್ ಪಾಠ ಓದಿದವರು ಜಿಡಿಬಿ ಎಂಬ ಡಿಬಗರ್‌ನಲ್ಲಿ ಇನ್‌ಸ್ಟ್ರಕ್ಷನ್ ಪಾಯಿಂಟರ್ (ಮುಂದೆ ನಡೆಯುವ ಸೂಚನೆಯ ವಿಳಾಸ) ಒಳಗೆ 41414141 (41 ಎಂದರೆ 'ಎ'ಯ ಹೆಕ್ಸ್ ಸಂಕೇತ) ಹುಡುಕಿ ಕಂಗಾಲಾಗುತ್ತಾರೆ. 64 ಬಿಟ್‌ನಲ್ಲಿ ಎಂಟು 41 ಸೇರಿದರೆ ಪ್ರೊಸೆಸರ್ ಒಪ್ಪದ ವಿಳಾಸ. ಅಲ್ಲಿಗೆ ಜಿಗಿಯುವ ಮೊದಲೇ, ರಿಟರ್ನ್ ಸೂಚನೆಯಲ್ಲೇ ನಿಲ್ಲುತ್ತದೆ. ಸ್ಟ್ಯಾಕ್ ಪಾಯಿಂಟರ್ ತೋರಿಸುವ ಜಾಗವನ್ನು ತೆರೆದು ನೋಡಿ, ಆ 41ಗಳು ಅಲ್ಲಿ ಸಾಲಾಗಿ ಕೂತಿರುತ್ತವೆ.