ಕಾಲುರಿ ಅಂತ ಬಂದವರ ಫೈಲ್‌ನಲ್ಲಿ ನಾವೇನು ಬರಿತೀವಿ, ಯಾಕೆ ಬರಿತೀವಿ

ನರರೋಗದ ಓಪಿಡಿಲಿ ನಾನು ದಿನಾ ನೋಡೋದರಲ್ಲಿ ದೊಡ್ಡ ಪಾಲು ಪೆರಿಫೆರಲ್ ನ್ಯೂರೋಪತಿ, ಅಂದ್ರೆ ಕೈಕಾಲಿನ ನರಗಳು ಕೆಡೋ ತೊಂದರೆ. ಪಾದ ಜೋಮು, ಉರಿ, ಇರುವೆ ಹರಿದ ಹಾಗೆ, ರಾತ್ರಿ ಹೊದಿಕೆ ತಗುಲಿದ್ರೂ ತಡಿಯೋಕಾಗಲ್ಲ ಅಂತಾರೆ. ಹಳೇ ಫೈಲ್ ತೆಗೆದ್ರೆ ಹೆಚ್ಚಿನವರದ್ರಲ್ಲಿ ಒಂದೇ ಸಾಲು, "ಕಾಲುರಿ ಇದೆ, ಅದೇ ಮಾತ್ರೆ ಮುಂದುವರಿಸಿ". ಉರಿ ಎಷ್ಟಿತ್ತು, ಎಲ್ಲಿವರೆಗೆ ಏರಿದೆ, ಮಾತ್ರೆಯಿಂದ ಏನಾದ್ರೂ ಆಯ್ತಾ, ಗೊತ್ತೇ ಆಗಲ್ಲ. ಇಂಥ ಫೈಲಿಂದ ಪೇಷಂಟ್‌ಗೂ ಉಪಯೋಗ ಇಲ್ಲ, ಸಂಶೋಧನೆಗೂ ಇಲ್ಲ. ಅದಕ್ಕೇ ನಾವು ಪ್ರತಿ ಸಲ ಅದೇ ಪರೀಕ್ಷೆ, ಅದೇ ಪ್ರಶ್ನೆ ಅಂತ ಹಿಡ್ಕೊಂಡ್ವಿ.

ಮೊದಲು ಸಾಕ್ಸ್ ಬಿಚ್ಚಿಸೋದು. ಆಮೇಲೆ 10 ಗ್ರಾಂ ಮೊನೊಫಿಲಮೆಂಟ್, ಅಂದ್ರೆ 10 ಗ್ರಾಂನಷ್ಟು ಒತ್ತಿದಾಗ ಬಾಗೋ ಒಂದು ನೈಲಾನ್ ಎಳೆ. ಮೊದಲು ಕೈ ಮೇಲೆ ಮುಟ್ಟಿಸಿ ಹೇಗಿರುತ್ತೆ ಅಂತ ತೋರಿಸ್ತೀವಿ, ಆಮೇಲೆ ಕಣ್ಣು ಮುಚ್ಚಿಸಿ ಹೆಬ್ಬೆರಳ ಅಡಿಗೆ, ಬೆರಳುಗಳ ಬುಡಕ್ಕೆ, ಎಳೆ ಬಾಗೋವರೆಗೆ ಒತ್ತಿ ಒಂದು ಸೆಕೆಂಡ್ ಬಿಟ್ಟು ತೆಗಿತೀವಿ. ಒಂದೇ ತಾಳದಲ್ಲಿ ಒತ್ತಬಾರದು, "ಈಗ ಗೊತ್ತಾಯ್ತಾ" ಅಂತ ಪ್ರತಿ ಸಲ ಕೇಳಲೂಬಾರದು, ಕೇಳಿದ್ರೆ ಎಲ್ಲರೂ ಹೂಂ ಅಂತಾರೆ ಪಾಪ, ಡಾಕ್ಟರಿಗೆ ಬೇಜಾರಾಗಬಾರದು ಅಂತ. ದಪ್ಪ ಆಣಿ ಕಟ್ಟಿದ ಜಾಗ ಬಿಡಬೇಕು. ಅದಾದ್ಮೇಲೆ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್, ಅಂದ್ರೆ ತಟ್ಟಿದ್ರೆ ನಡುಗೋ ಲೋಹದ ಕವಲುಕಡ್ಡಿ, ಹೆಬ್ಬೆರಳ ಮೂಳೆ ಮೇಲಿಟ್ಟು, ನಡುಕ ನಿಂತ ತಕ್ಷಣ ಹೇಳಿ ಅನ್ನೋದು.

ಇವೆರಡೂ ಹಿಡಿಯೋದು ದಪ್ಪ ನರತಂತುಗಳ ತೊಂದರೆನ. ಉರಿ, ಬಿಸಿ, ತಣ್ಣನೆ ಇದನ್ನೆಲ್ಲ ಒಯ್ಯೋವು ಸಣ್ಣ ತಂತುಗಳು, ಅವು ನರ್ವ್ ಕಂಡಕ್ಷನ್ ಟೆಸ್ಟ್‌ನಲ್ಲಿ, ಅಂದ್ರೆ ನರಕ್ಕೆ ಸಣ್ಣಗೆ ಕರೆಂಟ್ ಕೊಟ್ಟು ನೋಡೋ ಪರೀಕ್ಷೆಲಿ, ಕಾಣಲ್ಲ. ಹಾಗಾಗಿ ರಿಪೋರ್ಟ್ ನಾರ್ಮಲ್ ಬಂದು, ನಿಮಗೇನೂ ಇಲ್ಲ ಅಂತ ಹೇಳಿಸ್ಕೊಂಡು, ಮನೆಯವರೂ ನಂಬದೆ ಬಂದು ಕೂತವರನ್ನ ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ. ಅಂಥವರಿಗೆ ಸೂಜಿಮೊನೆ, ತಣ್ಣನೆ ಲೋಹ ಮುಟ್ಟಿಸಿ ನೋಡ್ತೀವಿ, ಬೇಕಾದ್ರೆ ಪಾದದ ಗಂಟಿಗಿಂತ ಸ್ವಲ್ಪ ಮೇಲೆ 3 ಮಿಲಿಮೀಟರ್ ಚರ್ಮ ತೆಗೆದು ಅದರಲ್ಲಿರೋ ನರತಂತು ಎಣಿಸೋಕೆ ಕಳಿಸ್ತೀವಿ.

ಕಾರಣ ಹುಡುಕೋದನ್ನ ಬಿಡೋ ಹಾಗಿಲ್ಲ. ಸಕ್ಕರೆ ಕಾಯಿಲೆ ಇದೆ ಅಂದ ತಕ್ಷಣ ಅದೇ ಕಾರಣ ಅಂತ ಕೂತ್ರೆ, ಸಕ್ಕರೆಗೆ ಕೊಡೋ ಮೆಟ್‌ಫಾರ್ಮಿನ್ ಮಾತ್ರೆ ತಿಂದೂ ತಿಂದೂ ವಿಟಮಿನ್ ಬಿ12 ಇಳಿದಿರೋದು ತಪ್ಪಿಹೋಗುತ್ತೆ. ಕುಷ್ಠ, ಮದ್ಯ, ಕೀಮೋ ಔಷಧಿಗಳು, ಎಲ್ಲಾ ಕೇಳ್ತೀವಿ. ನರಕ್ಕೆ ಒಳ್ಳೇದು ಅಂತ ಬಿ6 ಮಾತ್ರೆ ವರ್ಷಗಟ್ಟಲೆ ನುಂಗ್ತಿರ್ತಾರೆ, ಅದು ಅತಿಯಾದ್ರೆ ಅದೇ ನರ ಕೆಡಿಸುತ್ತೆ.

ನೋವಿಗೆ 0ಯಿಂದ 10ರ ಅಂಕ. ಆದ್ರೆ ಬಂದ ದಿನದ ಅಂಕ ಒಂದನ್ನೇ ನಂಬಲ್ಲ, ಯಾಕಂದ್ರೆ ಯಾರೇ ಆದ್ರೂ ನೋವು ತಾರಕಕ್ಕೇರಿದಾಗಲೇ ಡಾಕ್ಟರ್ ಹತ್ರ ಬರೋದು, ಆಮೇಲೆ ಏನು ಕೊಟ್ರೂ ಕೊಡದಿದ್ರೂ ಸ್ವಲ್ಪ ಇಳಿಯುತ್ತೆ. ನರನೋವಿನ ಔಷಧಿ ಟ್ರಯಲ್‌ಗಳಲ್ಲಿ ಔಷಧಿನೇ ಇಲ್ಲದ ಹುಸಿ ಗುಳಿಗೆ ತಿಂದವರೂ ಅಷ್ಟು ಸುಧಾರಿಸಿದ ಹಾಗೆ ಕಾಣೋಕೆ ಇದೂ ಒಂದು ಕಾರಣ. ಅದಕ್ಕೆ ಹೊಸ ಮಾತ್ರೆಗೆ ಮುಂಚೆ ಒಂದು ವಾರ ದಿನಾ ಮಲಗೋ ಹೊತ್ತಿಗೆ ನೋವು ಮತ್ತು ನಿದ್ದೆ ಬರ್ಕೊಂಡು ಬನ್ನಿ ಅಂತೀವಿ. 30% ಇಳಿದ್ರೂ ಅದು ಗೆಲುವೇ, ಪೂರ್ತಿ ಹೋಗ್ಲಿಲ್ಲ ಅಂತ ಮಾತ್ರೆ ಬಿಸಾಡೋದು ಬೇಡ. ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರೀಗ್ಯಾಬಲಿನ್ ಮೂರರಲ್ಲಿ ಯಾವುದರಿಂದ ಶುರು ಮಾಡಿದ್ರೂ ಡಯಾಬಿಟಿಸ್ ನರನೋವು ಹೆಚ್ಚುಕಮ್ಮಿ ಒಂದೇ ಥರ ಇಳಿಯುತ್ತೆ ಅಂತ 2022ರ ಆಪ್ಷನ್-ಡಿಎಂ ಟ್ರಯಲ್ ತೋರಿಸ್ತು. ಹಾಗಾಗಿ ನಾವು ಹೃದಯ, ಕಿಡ್ನಿ, ಲಿವರ್, ಮೂತ್ರದ ತೊಂದರೆ ನೋಡ್ಕೊಂಡು ಆರಿಸ್ತೀವಿ.

ಇಷ್ಟೆಲ್ಲ ಬರೆದಿಟ್ಟಿದ್ದರ ದೊಡ್ಡ ಲಾಭ ಅಂದ್ರೆ ನೋವಿನ ಅಂಕ ಮತ್ತು ಸ್ಪರ್ಶದ ಪರೀಕ್ಷೆ ಅಕ್ಕಪಕ್ಕ ಕಾಣೋದು. ಉರಿ 8ರಿಂದ 3ಕ್ಕೆ ಬಂತು ಅಂತ ಪೇಷಂಟ್ ಖುಷಿಯಾಗಿರ್ತಾರೆ, ಆದ್ರೆ ಹೋದ ಸಲ ಗೊತ್ತಾಗ್ತಿದ್ದ ನೈಲಾನ್ ಎಳೆ ಈಗ ಗೊತ್ತಾಗ್ತಿಲ್ಲ ಅಂದ್ರೆ ಅದು ಬರೀ ಮಾತ್ರೆಯ ಗುಣ ಅನ್ನೋಕಾಗಲ್ಲ, ನರವೇ ಸಾಯ್ತಿರಬಹುದು. ಅಂಥವರಿಗೆ ಆವತ್ತೇ ಚಪ್ಪಲಿ, ಉಗುರು, ದಿನಾ ಅಂಗಾಲು ಕನ್ನಡಿಲಿ ನೋಡ್ಕೊಳ್ಳೋದು ಇವೆಲ್ಲ ಮನೆಯವರನ್ನೂ ಕೂರಿಸ್ಕೊಂಡು ಹೇಳ್ತೀವಿ, ಮುಂದಿನ ಭೇಟಿನೂ ಬೇಗ ಇಡ್ತೀವಿ.