ಕೆಂಪು ಬಟನ್ ಒಂದೇ ಸಲ ಒತ್ತಿ

ಮೂಗು ತಣ್ಣಗಾಗಿ ಎಚ್ಚರವಾಯಿತು. ರಾತ್ರಿ ಎರಡೂವರೆ. ಮನೆಯೊಳಗೆ 12 ಡಿಗ್ರಿ, ಹೊರಗೆ ಮೈನಸ್ 24. ಅಮೆರಿಕದ ವರ್ಮಾಂಟಿನ ಹಳ್ಳಿಯಲ್ಲಿ ನಮ್ಮ ಮೊದಲ ಜನವರಿ ಅದು. ಗಂಡ ಊರಲ್ಲಿರಲಿಲ್ಲ.

ಇಲ್ಲಿ ಪೈಪಿನ ಗ್ಯಾಸ್ ಇಲ್ಲ, ಪುರಸಭೆಯ ನೀರೂ ಇಲ್ಲ. ಬೇಸ್‌ಮೆಂಟಿನಲ್ಲಿ 275 ಗ್ಯಾಲನ್ನಿನ ಎಣ್ಣೆ ಟ್ಯಾಂಕು, ಪಕ್ಕದಲ್ಲಿ ಆ ಎಣ್ಣೆ ಉರಿಸಿ ಮನೆ ಬಿಸಿಮಾಡುವ ಬಾಯ್ಲರ್, ಅಂಗಳದಲ್ಲಿ ಬೋರ್‌ವೆಲ್. ನಾನು ಶಿರಸಿ ಕಡೆಯವಳು. ನಮ್ಮ ಬಚ್ಚಲೊಲೆಯಲ್ಲಿ ಬೆಂಕಿ ಆರಿದರೆ ಕಣ್ಣಿಗೆ ಕಾಣುತ್ತದೆ, ಎರಡು ಸಲ ಊದಿದರೆ ಮುಗಿಯಿತು. ಇಲ್ಲಿ ಬೆಂಕಿ ಇರುವುದು ಕಬ್ಬಿಣದ ಪೆಟ್ಟಿಗೆಯೊಳಗೆ. ಹೊರಗೆ ಕಾಣುವುದು ಬೆಂಕಿ ಹತ್ತಿಸುವ ಬರ್ನರ್ ಮೇಲಿನ ಒಂದು ಕೆಂಪು ರೀಸೆಟ್ ಬಟನ್ ಮಾತ್ರ. ಒತ್ತಿದೆ. ಗುರ್ರ್ ಎಂದು ತಿರುಗಿ ನಿಂತುಹೋಯಿತು. ಮತ್ತೆ ಒತ್ತಿದೆ. ಹೀಗೆ ನಾಲ್ಕು ಸಲ.

ಬೆಳಿಗ್ಗೆ ಬಂದ ಮೆಕ್ಯಾನಿಕ್ ಮೊದಲು ಕೇಳಿದ್ದೇ “ಎಷ್ಟು ಸಲ ಒತ್ತಿದ್ರಿ?” ಎಂದು. ಆಮೇಲೆ ಟ್ಯಾಂಕು ತಟ್ಟಿ ನೋಡಿ, “ಎಣ್ಣೆ ಖಾಲಿ ಆಗಿದ್ದೇ ನಿಮ್ಮ ಪುಣ್ಯ” ಎಂದ. ಎಣ್ಣೆ ಇದ್ದೂ ಕಿಡಿ ಹತ್ತದಿದ್ದರೆ, ಒತ್ತಿದಷ್ಟು ಸಲವೂ ಒಲೆಯೊಳಗೆ ಎಣ್ಣೆ ಚಿಮ್ಮಿ ನಿಲ್ಲುತ್ತದೆ. ಐದನೇ ಸಲ ಹತ್ತಿಕೊಂಡರೆ ಎಲ್ಲವೂ ಒಟ್ಟಿಗೆ ಭಗ್ಗೆನ್ನುತ್ತದೆ. ಮನೆ ತುಂಬ ಮಸಿ, ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದು. ಆದ್ದರಿಂದ ಒಂದೇ ಸಲ. ಹತ್ತಲಿಲ್ಲವೋ, ಕೈ ಹಿಂದೆ.

ಬಟನ್ನಿಗೆ ಹೋಗುವ ಮುಂಚೆ ನೋಡಬೇಕಾದ್ದು ಬೇರೆಯೇ ಇದೆ. ಬೇಸ್‌ಮೆಂಟ್ ಮೆಟ್ಟಿಲ ತಲೆಯಲ್ಲಿ ಕೆಂಪು ಫಲಕದ ಒಂದು ಸ್ವಿಚ್ ಇರುತ್ತದೆ, ಬಾಯ್ಲರ್‌ನ ತುರ್ತು ಸ್ವಿಚ್. ಮರುವರ್ಷ ಬಂದ ನಮ್ಮ ಅತ್ತೆ ಅದನ್ನು ಲೈಟು ಎಂದುಕೊಂಡು ಆರಿಸಿ, ಕರೆಂಟು ಉಳಿಸಿದ ಖುಷಿಯಲ್ಲಿ ಮಲಗಿದ್ದರು. ಆಮೇಲೆ ಥರ್ಮೋಸ್ಟ್ಯಾಟಿನ ಬ್ಯಾಟರಿ, ಬ್ರೇಕರ್ ನೋಡಿ. ಕೊನೆಗೆ ಟ್ಯಾಂಕು.

ಟ್ಯಾಂಕಿನ ಗೇಜನ್ನು ಪೂರ್ತಿ ನಂಬಬೇಡಿ. ಆ ರಾತ್ರಿ ನಮ್ಮದು ಕಾಲು ಟ್ಯಾಂಕು ತೋರಿಸುತ್ತಿತ್ತು. ಒಳಗಿನ ತೇಲುವ ಬೆಂಡು ಸಿಕ್ಕಿಹಾಕಿಕೊಂಡಿತ್ತು. ಹಲಸಿನಕಾಯಿ ತಟ್ಟುತ್ತೀರಲ್ವಾ, ಹಾಗೆ ಬೆರಳಗಂಟಿನಿಂದ ಮೇಲಿಂದ ಕೆಳಗೆ ತಟ್ಟುತ್ತಾ ಬನ್ನಿ. ಖಾಲಿ ಭಾಗ ಠಣ್ ಠಣ್ ಎನ್ನುತ್ತದೆ. ಎಣ್ಣೆ ಶುರುವಾದ ಕಡೆ ಸದ್ದು ಮಂದವಾಗುತ್ತದೆ. ನಮ್ಮದು ಬುಡದವರೆಗೂ ಠಣ್ ಎಂದಿತ್ತು.

ಎಣ್ಣೆ ಮುಗಿದಿದ್ದರೆ, ಲಾರಿ ಬರುವ ತನಕ ಬಂಕಿನ ಡೀಸೆಲ್ ನಡೆಯುತ್ತದೆ. ಐದು ಗ್ಯಾಲನ್ ಸಾಕು. ಹಳದಿ ಕ್ಯಾನಿನಲ್ಲಿ ತನ್ನಿ. ಕೆಂಪು ಕ್ಯಾನು ಪೆಟ್ರೋಲಿನದು, ಅದು ಈ ಟ್ಯಾಂಕಿನ ಹತ್ತಿರವೂ ಸುಳಿಯಬಾರದು. ಸುರಿದ ಮೇಲೆ ಕಾಲು ಗಂಟೆ ಬಿಡಿ, ಬುಡದ ಗಸಿ ಕೂರಲಿ.

ಈಗ ಲೈನಿನಲ್ಲಿ ಗಾಳಿ ತುಂಬಿರುತ್ತದೆ, ತೆಗೆಯಬೇಕು. ಬರ್ನರ್‌ನ ಎಣ್ಣೆ ಪಂಪಿಗೆ ಒಂದು ಸಣ್ಣ ಬ್ಲೀಡರ್, ಅಂದರೆ ಗಾಳಿ ಬಿಡುವ ಮೂತಿ ಇದೆ. ಸಾಮಾನ್ಯವಾಗಿ 3/8 ಇಂಚಿನ ಸ್ಪ್ಯಾನರ್ ಕೂರುತ್ತದೆ. ಅದಕ್ಕೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಗೆ ಬಿಡಿ. ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸಿ ಬಟನ್ ಒತ್ತಿ. ಮೊದಲು ಬುಸ್ ಬುಸ್ ಎಂದು ಗಾಳಿ, ಆಮೇಲೆ ಸೋಪಿನ ನೊರೆಯಂತೆ, ಆಮೇಲೆ ಗುಳ್ಳೆಯಿಲ್ಲದ ಧಾರೆ. ಧಾರೆ ಒಂದೇ ಸಮ ಆದ ಕೂಡಲೇ ಬಿಗಿ ಮಾಡಿ. ಬೆಂಕಿ ಹತ್ತಿದ್ದು ಕೇಳಿಸುತ್ತದೆ. ನಡುವೆ ಬರ್ನರ್ ನಿಂತರೆ ಇಲ್ಲಿ ಮಾತ್ರ ಮತ್ತೆ ಒತ್ತಬಹುದು, ಯಾಕೆಂದರೆ ಎಣ್ಣೆ ಬಾಟಲಿಗೆ ಹೋಗುತ್ತಿದೆ, ಒಲೆಗಲ್ಲ. ಮೊದಲ ಸಲ ಮೆಕ್ಯಾನಿಕ್ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ನಾನು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಂಡೆ.

ಟ್ಯಾಂಕು ಹೊರಗಿದ್ದವರಿಗೆ ಇನ್ನೊಂದು ಕಾಟ. ಕಡು ಚಳಿಗೆ ಎಣ್ಣೆಯಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಕೊಳ್ಳುತ್ತದೆ, ನಮ್ಮಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟುವ ಹಾಗೆ. ಅಂಥವರು ಚಳಿಗಾಲಕ್ಕೆ ಸೀಮೆಎಣ್ಣೆ ಬೆರೆಸಿದ್ದನ್ನೇ ತರಿಸುತ್ತಾರೆ.

ಆ ಬೆಳಿಗ್ಗೆ ಮನೆ ಬಿಸಿಯಾಯಿತು, ಅಡುಗೆಮನೆ ನಲ್ಲಿಯಲ್ಲಿ ನೀರಿಲ್ಲ. ಸಿಂಕಿನ ಪೈಪು ಉತ್ತರದ ಗೋಡೆಯೊಳಗೆ ಹೆಪ್ಪುಗಟ್ಟಿತ್ತು. ಮೊದಲು ಮುಖ್ಯ ವಾಲ್ವ್ ಎಲ್ಲಿದೆ ಎಂದು ನೋಡಿಕೊಳ್ಳಿ. ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಪ್ರತಿಶತ ಹಿಗ್ಗುತ್ತದೆ, ಪೈಪು ಸೀಳಿದ್ದರೆ ಗೊತ್ತಾಗುವುದು ಕರಗಿದ ಮೇಲೇ. ನಲ್ಲಿ ತೆರೆದಿಡಿ. ಹೇರ್ ಡ್ರೈಯರ್ ಹಿಡಿದು ನಲ್ಲಿಯ ಕಡೆಯಿಂದ ಶುರು ಮಾಡಿ ಹಿಂದೆ ಹಿಂದೆ ಹೋಗಿ, ಕರಗಿದ ನೀರಿಗೆ ದಾರಿ ಬೇಕಲ್ಲ. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಬೆಂಕಿ ಉಗುಳುವ ಟಾರ್ಚ್ ಹಿಡಿಯಬೇಡಿ, ಇಲ್ಲಿನ ಗೋಡೆಗಳೆಲ್ಲ ಮರ. ಈಗ ಕಡು ಚಳಿಯ ರಾತ್ರಿ ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟು, ನಲ್ಲಿಯಲ್ಲಿ ದಾರದಷ್ಟು ನೀರು ಬಿಟ್ಟು ಮಲಗುತ್ತೇನೆ.

ಮನೆಯ ಯಾವ ನಲ್ಲಿಯಲ್ಲೂ ನೀರು ಬರದಿದ್ದರೆ ಬೋರ್‌ವೆಲ್ ಕಡೆ ನೋಡಿ. ನೀರಿನ ಒತ್ತಡ ಹಿಡಿದಿಡುವ ಪ್ರೆಷರ್ ಟ್ಯಾಂಕಿನ ಮುಳ್ಳು ಸೊನ್ನೆಯಲ್ಲಿದ್ದರೆ ಪಂಪಿಗೆ ಕರೆಂಟಿದೆಯೇ ನೋಡಿ. ಪಂಪು ನಿಮಿಷಕ್ಕೊಮ್ಮೆ ಆನ್ ಆಫ್ ಆಗುತ್ತಿದ್ದರೆ ಹೆಚ್ಚಾಗಿ ಆ ಟ್ಯಾಂಕಿನ ಗಾಳಿ ಹೋಗಿರುತ್ತದೆ. ಪ್ರೆಷರ್ ಸ್ವಿಚ್ಚಿನ ಮುಚ್ಚಳ ಮಾತ್ರ ಬ್ರೇಕರ್ ಆರಿಸದೆ ತೆಗೆಯಬೇಡಿ, ಒಳಗಿರುವುದು ಸಾಮಾನ್ಯವಾಗಿ 240 ವೋಲ್ಟ್.

ಮನೆಯೊಳಗೆ ಹೊಗೆ ಬಂದರೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಯ ಅಲಾರಂ ಕೂಗಿದರೆ ಇದ್ಯಾವುದೂ ಬೇಡ. ಜಾಕೆಟ್ ಎತ್ತಿಕೊಂಡು ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ತುರ್ತು ಸಂಖ್ಯೆ 911ಕ್ಕೆ ಅಲ್ಲಿಂದ ಫೋನ್ ಮಾಡಿ.